ಹುಲಿಯ ಮರಣವೂ ಚಲಚ್ಚಿತ್ರವೂ

ಪುಣ್ಯಕೋಟಿಯ ಕಥೆಯನ್ನುಳ್ಳ ನಮ್ಮ ‘ಗೋವಿನ ಹಾಡು’ 2020ರಲ್ಲಿ ಸಂಸ್ಕೃತ ಭಾಷೆಯ ಆನಿಮೇಷನ್ ಚಲಚ್ಚಿತ್ರವಾಗಿ ಹೊರಬಂದುದು ವಾಚಕರಲ್ಲಿ ಹಲವರಿಗೆ ವಿದಿತವೇ. ಪಾಠಶಾಲೆಯಲ್ಲಿ ಬೆಳೆದ ನನಗಂತೂ ಇದು ಸಂತೋಷದ ವಿಷಯವೇ ಸರಿ. ಆದರೆ ಮೊನ್ನೆ ಮನೆಯ ಮಗುವಿಗೆ ಹಾಡನ್ನು ಹೇಳುತ್ತಿರಲು, “ಅಜ್ಜಾ, ಹಸಿದ ಹುಲಿಯದೇನು ತಪ್ಪು? ಅದ್ಯಾಕೆ ಸಾಯಬೇಕು?” ಎಂದು ಅದು ಕಣ್ಣೀರಿಟ್ಟಿತು. ಮಕ್ಕಳಿಗಾಗಿ ಚಿತ್ರ ರಚಿಸುವವನು ಈ ಮರಣವನ್ನು ಬಿಟ್ಟುಬಿಡಬಹುದೆ?

ಕೊಪ್ಪಳ ಸೀಮೆಗೆ ಚಲಿಸುವ ಚಿತ್ರ ಹೊಸದಲ್ಲ. ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಮನ್ನಣೆ ಪಡೆದ ವೃದ್ಧೆ ಭೀಮವ್ವ ಶಿಳ್ಳೇಕ್ಯಾತರ ಅವರು ನಮ್ಮ ಮೋರನಾಳದವರು. ರಾಮಾಯಣ ಭಾರತಗಳೆಲ್ಲ ಈ ಆಟದಲ್ಲಿ ಬೆಳಕಿನ ಪರದೆಯ ಮೇಲೆ ನಡೆದುಬರುತ್ತವೆ. ಬಣ್ಣದ ತೊಗಲು ಅಳಲಾರದು. ಆಡಿಸುವವರ ಕಂಠ ಅಳುತ್ತದೆ. ಆದರೂ ನೋಡುವವರು ನೊಂದಾರೆಂದು ಅಭಿಮನ್ಯುವನ್ನು ಬದುಕಿಸಿ ಮನೆಗೆ ಕಳುಹಿಸಿದುದನ್ನು ನಾನು ಕಂಡಿಲ್ಲ.

ಹುಲಿಯನ್ನು ಕೊಂದುದು ತನ್ನನ್ನು ತಾನು ಕಂಡ ಲಜ್ಜೆ. ಹಾಡು ಅದನ್ನು ಕೇಳುವವನ ಮನಸ್ಸಿಗೆ ಬಿಡುತ್ತದೆ. ಚಿತ್ರವಾದರೋ ಬೀಳುವ ದೇಹವನ್ನೇ ಕಣ್ಣೆದುರಿಗೆ ತರುತ್ತದೆ. ಚಿತ್ರಕಾರನು ಆ ಬೀಳುವಿಕೆಯನ್ನು ಮರೆಮಾಡಲಿ, ಒಡಂಬಡುವೆನು. ಹುಲಿಯನ್ನು ಬದುಕಿಸಿದರೆ ಮಾತ್ರ, ಅದರ ಪಾಲಿಗೆ ಬರಿಯ ಕರುಣೆ ಉಳಿದು, ಸತ್ಯವು ಹಸುವಿನೊಬ್ಬಳ ಸೊತ್ತಾಗುವುದು.

ಇಷ್ಟೆಲ್ಲವನ್ನು ಮಗುವಿಗೆ ಹೇಳುವುದೆಂತು? “ಹುಲಿಗೆ ನಾಚಿಕೆಯಾಯಿತವ್ವಾ” ಎಂದಷ್ಟೇ ಅಂದೆನು. ಅದು ಬಹಳ ಹೊತ್ತು ಮಾತಾಡಲಿಲ್ಲ.