ಕೋಣದ ಹಗ್ಗ, ಮುಂದಿನವನ ಚಕ್ರ

ಲಂಡನ್ನಿನ ಕಿಂಗ್ಸ್‌ಬರಿಯ ದಕ್ಷಿಣದ ಅಂಚಿನಲ್ಲಿ, ಹಳೆಯ ಸೇಂಟ್ ಆಂಡ್ರೂಸ್ ಚರ್ಚು ದಾಟಿ ಇಳಿಜಾರು ಇಳಿದರೆ ಬ್ರೆಂಟ್ ಜಲಾಶಯ ಸಿಗುತ್ತದೆ. ಇಲ್ಲಿಯವರು ಅದನ್ನು ಕರೆಯುವುದು ವೆಲ್ಷ್ ಹಾರ್ಪ್ ಅಂತ. ಎಜ್‌ವೇರ್ ರಸ್ತೆಯಲ್ಲಿ ಇದ್ದ ಒಂದು ಪಾನಗೃಹದ ಹೆಸರದು. ಪಾನಗೃಹ ಕೆಡವಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ನೀರಿಗೆ ಅಂಟಿಕೊಂಡು ಉಳಿದಿದೆ. ಜುಲೈ ತಿಂಗಳ ಒಂದು ಭಾನುವಾರ ಸಂಜೆ ಅಲ್ಲಿನ ಬೆಂಚಿನ ಮೇಲೆ ನಾವು ಮೂವರು ಕೂತಿದ್ದೆವು. ಮಾವ ಮೂಡುಬಿದಿರೆ ಕಡೆಯವರು, ಈ ಊರಿಗೆ ಬಂದು ನಲವತ್ತು ವರ್ಷ. ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗ ವಿಜಯಪುರ ಜಿಲ್ಲೆಯವನು. ಓದಲು ಬರುವ ಮೊದಲು ಕ್ರೀಡಾ ಹಾಸ್ಟೆಲಿನಲ್ಲಿದ್ದು ಸೈಕಲ್ ಓಟಗಳಲ್ಲಿ ಓಡಿದ್ದ. ಅತ್ತೆ ಕೊಟ್ಟ ಗೋಳಿಬಜೆಯ ಡಬ್ಬಿ ನಡುವೆ ಇತ್ತು.

ನಾನು: ಮಾವ, 1868ರ ಜೂನ್ 1ರಂದು ಈ ವೆಲ್ಷ್ ಹಾರ್ಪಿನಲ್ಲೇ ಸೈಕಲ್ ಓಟ ನಡೆದಿತ್ತು. ಬ್ರಿಟನ್ನಿನ ಮೊದಲ ಓಟ ಅಂತ ದಾಖಲೆಯಲ್ಲಿರೋದು ಅದೇ. ಆರ್ಥರ್ ಮಾರ್ಕಮ್ ಅನ್ನುವವನು ಗೆದ್ದ.

ಮಾವ: ಆಗ ಟಯರಿಗೆ ಗಾಳಿ ತುಂಬಿಸುವುದು ಇತ್ತಾ?

ನಾನು: ಇರಲಿಲ್ಲ. ಡನ್ಲಪ್ ಟಯರು ಬಂದದ್ದು 1888ರಲ್ಲಿ. ಇವರದು ಮರದ ಚಕ್ರ, ಅದರ ಸುತ್ತ ಕಬ್ಬಿಣದ ಪಟ್ಟಿ. ಪೆಡಲು ಮುಂದಿನ ಚಕ್ರಕ್ಕೇ.

ಮಾವ: ಹಾಗಾದರೆ ಹೇಳು, ಆ ಮಾರ್ಕಮ್ ದೊಡ್ಡವನಾ, ನೀನು ದಿನಾ ಹೊಗಳುವ ಕ್ಯಾವೆಂಡಿಶ್ ದೊಡ್ಡವನಾ?

ನಾನು: ಅವರಿಬ್ಬರನ್ನು ಹೋಲಿಸಲಿಕ್ಕೆ ಬರುವುದಿಲ್ಲ ಮಾವ. ಗಾಡಿಯೇ ಬೇರೆ.

ಮಾವ: ಡಾರಿಗಾದ್, ಸಿಪೊಲ್ಲಿನಿ ಅಂತ ಅರವತ್ತು, ಇಪ್ಪತ್ತೈದು ವರ್ಷ ಹಿಂದಿನವರ ಹೆಸರು ಹೇಳಿ ಹೋಲಿಸುತ್ತೀಯಲ್ಲ. ಅವರ ಗಾಡಿಯೂ ಬೇರೆಯೇ. ಬರುತ್ತದೆ, ಬರುವುದಿಲ್ಲ ಅನ್ನುವ ಗೆರೆ ಎಲ್ಲಿ ಉಂಟು?

ನಾನು: ಒಂದು ಲೆಕ್ಕವಾದರೂ ಇದೆಯಲ್ಲ. ಟೂರ್ ದ ಫ್ರಾನ್ಸ್‌ನಲ್ಲಿ ಕ್ಯಾವೆಂಡಿಶ್ 35 ಹಂತ ಗೆದ್ದಿದ್ದಾನೆ. ಮೊದಲನೆಯದು 2008ರಲ್ಲಿ, ಕೊನೆಯದು 2024ರ ಜುಲೈ 3ರಂದು. ಎಡ್ಡಿ ಮರ್ಕ್ಸ್‌ನ 34 ಅದುವರೆಗಿನ ದಾಖಲೆ. ಆಂದ್ರೆ ಡಾರಿಗಾದ್ 22, ಮಾರ್ಸೆಲ್ ಕಿಟ್ಟೆಲ್ 14, ಆಂದ್ರೆ ಗ್ರೈಪೆಲ್ 11. ಎಣಿಕೆ ಸುಳ್ಳು ಹೇಳುವುದಿಲ್ಲ.

ಹುಡುಗ: ಸುಳ್ಳು ಹೇಳಂಗಿಲ್ರಿ ಅಕ್ಕಾ, ಖರೇನೂ ಪೂರ್ತಿ ಹೇಳಂಗಿಲ್ಲ. ಮರ್ಕ್ಸ್ ಗುಡ್ಡಾ ಏರಿ ಗೆದ್ದಾನ, ಒಬ್ಬನ ಗಡಿಯಾರದ ಎದುರು ಓಡಿ ಗೆದ್ದಾನ. ಕ್ಯಾವೆಂಡಿಶ್ ಗೆದ್ದಿದ್ದು ಬರೇ ಬಯಲಿನ ಕೊನಿ ಓಟ. ಜೋಳದ ಚೀಲ, ಸಜ್ಜಿ ಚೀಲ ಕೂಡಿಸಿ ಎಣಿಸಿದ್ರ ಚೀಲದ ಲೆಕ್ಕ ಸಿಗ್ತದ, ಕಾಳಿನ ಲೆಕ್ಕ ಸಿಗಂಗಿಲ್ರಿ.

ನಾನು: ಸರಿ, ಮರ್ಕ್ಸ್‌ನನ್ನು ಬಿಡೋಣ. ಬರೀ ಸ್ಪ್ರಿಂಟರುಗಳನ್ನೇ ತಗೊಳ್ಳೋಣ.

ಹುಡುಗ: ತಗೊಳ್ರಿ. ಎರಿಕ್ ಝಾಬೆಲ್ 12 ಹಂತ. ರಾಬಿ ಮೆಕ್ಯೂವೆನ್ 12. ಮಾರಿಯೊ ಸಿಪೊಲ್ಲಿನಿ 12. ಮೂರೂ ಮಂದಿ ಸಮಾ ಏನ್ರಿ?

ನಾನು ತಕ್ಷಣ ಉತ್ತರ ಕೊಡಲಿಲ್ಲ. ಸಮವಲ್ಲ ಎಂದು ನನಗೂ ಗೊತ್ತು. ಸಿಪೊಲ್ಲಿನಿಯ ಮುಂದೆ ಸಾಯೆಕೊ ತಂಡದ ಕೆಂಪಂಗಿಯವರು ಸಾಲುಗಟ್ಟಿ ಎಳೆಯುತ್ತಿದ್ದರು. 1999ರಲ್ಲಿ ಸತತ ನಾಲ್ಕು ಹಂತ ಗೆದ್ದ ಆತ ಟೂರನ್ನು ಒಮ್ಮೆಯೂ ಪ್ಯಾರಿಸ್‌ವರೆಗೆ ಮುಗಿಸಿದವನಲ್ಲ. ಝಾಬೆಲ್ ಬೆಟ್ಟಗಳನ್ನೂ ದಾಟಿ ಸತತ ಆರು ವರ್ಷ, ಅಂಕಗಳಲ್ಲಿ ಮೊದಲಿಗನಿಗೆ ಸಿಗುವ ಹಸಿರು ಅಂಗಿ ಗೆದ್ದ. ಆ ವರ್ಷಗಳಲ್ಲಿ ಉದ್ದೀಪನ ಮದ್ದು ತೆಗೆದುಕೊಂಡಿದ್ದೆ ಎಂದು 2013ರಲ್ಲಿ ತಾನೇ ಒಪ್ಪಿಕೊಂಡ. ಮೆಕ್ಯೂವೆನ್‌ಗೆ ಅಂಥ ಸಾಲಿನ ಹಂಗು ಕಡಿಮೆ. ಯಾರ ಹಿಂದೆ ಜಾಗ ಸಿಕ್ಕಿತೋ ಅಲ್ಲಿ ನುಸುಳುತ್ತಿದ್ದ. 12ರ ಒಳಗೆ ಮೂರು ಬೇರೆ ಬೇರೆ ಬಾಳು ಇವೆ.

ಮಾವ: ಈ ಸಾಲುಗಟ್ಟಿ ಎಳೆಯುವುದು ಅಂದರೆ ಎಂತದು? ಹಗ್ಗ ಇಲ್ಲವಲ್ಲ.

ಹುಡುಗ: ಗಾಳೀನ ಹಗ್ಗಾ ರೀ ಕಾಕಾ.

ಅವನು ಡಬ್ಬಿ ಸರಿಸಿ ಬೆಂಚಿನ ಮೇಲೆ ಗೇಣು ಹಾಕಿ ತೋರಿಸಿದ. ಮುಂದಿನವನ ಹಿಂಚಕ್ರಕ್ಕೂ ಹಿಂದಿನವನ ಮುಂಚಕ್ರಕ್ಕೂ ನಡುವೆ ಇಷ್ಟೇ ಅಂತರ. ಅವನ ಮೊಣಕೈಯ ಮೇಲೆ ಅಂಗೈಯಗಲದ ಹಳೆಯ ಗಾಯದ ಗುರುತು ಇದೆ. ಗೇಣು ತಪ್ಪಿದ ದಿನದ್ದು.

ಹುಡುಗ: ವೇಗ ಎರಡರಷ್ಟು ಆದ್ರ ಗಾಳಿ ತಡಿಯೂದು ನಾಲ್ಕರಷ್ಟು, ಅದನ್ನ ಸೀಳೂ ತಾಕತ್ತು ಎಂಟರಷ್ಟು ಬೇಕು. ನಮ್ಮ ಕಡೆ ರಸ್ತೆ ಬಯಲು, ಒಂದು ಗಿಡಾ ಅಡ್ಡ ಇರಂಗಿಲ್ಲ. ಗಾಳಿಗೆ ಎದಿ ಕೊಟ್ಟಾಂವಗೇ ಅದರ ತೂಕ ಗೊತ್ತು. ಹಿಂದ ಅಡಗಿದಾಂವ ಕಾಲಿನ ಕಸುವು ಉಳಿಸ್ಕೊಂಡು ಕೊನೀ ಇನ್ನೂರು ಮೀಟರಿಗೆ ಹೊರಗ ಬರ್ತಾನ. ಮುಂದಿನಾಂವ ಸೋತ ಮ್ಯಾಲೆ ಮೊಣಕೈ ಹಿಂಗ ಆಡಿಸ್ತಾನ, ‘ನನ್ನ ಕೆಲಸ ಮುಗೀತು, ನೀ ಬಾ’ ಅಂತ. ನಾ ಯಾವತ್ತೂ ಗೆದ್ದಿಲ್ರಿ ಕಾಕಾ. ನಾ ಎಳಿಯಾಂವ. ಗೆದ್ದ ಗೆಳಯಾಗ ಮೆಡಲ್ ಬಂತು, ಕ್ರೀಡಾ ಕೋಟಾದಾಗ ನೌಕ್ರೀನೂ ಆತು. ಮೊಣಕೈ ಆಡಿಸಿದಾಂವಗ ಸರ್ಟಿಫಿಕೇಟ್ ಇಲ್ರಿ.

ಇದನ್ನು ಅವನು ಹೇಳಿದ್ದು ಸಿಟ್ಟಿನಿಂದಲ್ಲ. ಆದರೂ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೀರಿನ ಮೇಲೆ ಒಂದು ಹಾಯಿದೋಣಿ ತಿರುವು ತೆಗೆದುಕೊಂಡಿತು.

ಮಾವ: ಇದು ಕಂಬಳವೇ ಮಾರಾಯ್ತಿ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ನಮ್ಮ ಶ್ರೀನಿವಾಸ ಗೌಡ ಓಡಿದ್ದು ನೆನಪುಂಟಾ? 142.5 ಮೀಟರ್, 13.62 ಸೆಕೆಂಡ್. ಯಾರೋ ಕೂತು ಭಾಗಿಸಿದರು, ನೂರು ಮೀಟರಿಗೆ 9.55 ಬಂತು. ಉಸೇನ್ ಬೋಲ್ಟ್‌ದು 9.58. ಒಂದೇ ವಾರದಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಕ್ರೀಡಾ ಪ್ರಾಧಿಕಾರದವರು ಓಡಿಸಿ ನೋಡುತ್ತೇವೆ ಅಂತ ಕರೆದರು. ಅವನು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡುವುದು, ಟ್ರ್ಯಾಕಿನಲ್ಲಿ ಬೆರಳ ತುದಿಯಲ್ಲಿ. ಇಲ್ಲಿ ಕೋಣಗಳ ಪಾಲೂ ಉಂಟು ಅಂದ. ಲೋಕ ಕೋಣವನ್ನು ಬಿಟ್ಟು ಭಾಗಿಸಿತ್ತು. ಅವನು ಬಿಡಲಿಲ್ಲ.

ನಾನು: ಹಾಗಾದರೆ ಕೋಣಗಳೇ ಓಡಿದ್ದು, ಅವನು ಬರೀ ಹಿಂದೆ ಹೋದದ್ದು ಅಂತಲಾ?

ಮಾವ: ಛೆ, ನೀನು ಹಗ್ಗ ಹಿಡಿದು ನೋಡು. ಹತ್ತು ಹೆಜ್ಜೆಗೆ ಕೆಸರಲ್ಲಿ ಮೂಗು ಊರುತ್ತೀ. ಕೋಣ ಎಳೆಯುವ ವೇಗಕ್ಕೆ ಕಾಲು ಕೊಡುವುದು ಎಲ್ಲರಿಂದ ಆಗುವ ಕೆಲಸವಲ್ಲ. ಹಗ್ಗ ಜಗ್ಗಿದರೆ ಕೋಣ ನಿಧಾನ, ಸಡಿಲ ಬಿಟ್ಟರೆ ನೀನು ಬಿದ್ದೆ. ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗೆ ಅದರ ನಡುವಿನ ಒಂದು ಹದ ಉಂಟು. ಆ ಹದ ಮಾತ್ರ ಅವನ ಸ್ವಂತದ್ದು.

ಹುಡುಗ: ಅದ ನೋಡ್ರಿ! ಚಕ್ರದ ಹಿಂದೂ ಅದ ಹದಾ.

ಮಾವ: ಇನ್ನೊಂದು ಕೇಳು. ಕಂಬಳದಲ್ಲಿ ಎಲ್ಲರನ್ನೂ ಒಂದೇ ಕರೆಗೆ ಇಳಿಸಿ ಯಾರು ದೊಡ್ಡವ ಅಂತ ಕೇಳುವುದಿಲ್ಲ. ಹಗ್ಗದ ಓಟ ಬೇರೆ, ನೇಗಿಲು ಬೇರೆ, ಅಡ್ಡ ಹಲಗೆ ಬೇರೆ. ಕನೆ ಹಲಗೆಯಲ್ಲಂತೂ ವೇಗವನ್ನು ನೋಡುವುದೇ ಇಲ್ಲ. ಮೇಲೆ ಕಟ್ಟಿದ ನಿಶಾನೆಗೆ ನೀರು ಚಿಮ್ಮಿತಾ, ಎಷ್ಟು ಕೋಲು ಎತ್ತರಕ್ಕೆ ಹೋಯಿತು, ಅಷ್ಟೇ. ನಮ್ಮ ಹಿರಿಯರಿಗೆ ಹೋಲಿಸುವುದು ಗೊತ್ತಿತ್ತು. ಮೊದಲು ಯಾವುದರಲ್ಲಿ ಅಂತ ಕೇಳುತ್ತಿದ್ದರು.

ಇಷ್ಟು ದಿನ ನಾನು ತಪ್ಪು ಪಟ್ಟಿ ಹಿಡಿದು ಕೂತಿದ್ದೆ ಎಂದು ನನಗೆ ಹೊಳೆದದ್ದು ಆಗ. 35, 22, 14 ಎಂದು ಒಂದೇ ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ್ದೆ. ಆದರೂ ಸುಲಭಕ್ಕೆ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ನಾನು: ಹಾಗಂತ ಎಲ್ಲವನ್ನೂ ತಂಡದ ತಲೆಗೆ ಕಟ್ಟಿದರೆ ಓಟಗಾರನೇ ಮಾಯವಾಗುತ್ತಾನೆ. 2017ರಲ್ಲಿ ನುಯಿ ಸೇಂಟ್ ಜಾರ್ಜ್‌ನಲ್ಲಿ ಕಿಟ್ಟೆಲ್ ಬೋಸನ್ ಹಾಗೆನ್‌ನನ್ನು ಸೋಲಿಸಿದ್ದು 6 ಮಿಲಿಮೀಟರಿನಲ್ಲಿ. ಆ 6 ಮಿಲಿಮೀಟರು ಯಾವ ತಂಡದ್ದು? ಗೆರೆಯ ಹತ್ತಿರ ತೋಳು ಚಾಚಿ ಸೈಕಲನ್ನು ಮುಂದಕ್ಕೆ ಎಸೆದ ಆ ಗಳಿಗೆ ಅವನೊಬ್ಬನದೇ.

ಹುಡುಗ: ಖರೆ. ಹಂಗಂತ 2009ರಾಗ ಪ್ಯಾರಿಸಿನ ಶಾಂಜ್ ಎಲಿಜೆ ನೆನಿಸ್ಕೊಳ್ರಿ. ಕ್ಯಾವೆಂಡಿಶ್ ಮೊದಲ. ಎರಡನೇದಾಂವ ಯಾರು? ಅವನನ್ನ ಎಳಕೊಂಡು ಬಂದ ಮಾರ್ಕ್ ರೆನ್‌ಶಾ. ಎಳದು ಎಳದು ಬಿಟ್ಟ ಮ್ಯಾಲೂ ಉಳಿದ ಸ್ಪ್ರಿಂಟರು ಎಲ್ಲಾ ಅವನ ಹಿಂದ. ಹಂಗಾರ ಜಗತ್ತಿನ ಎರಡನೇ ಸ್ಪ್ರಿಂಟರ್ ರೆನ್‌ಶಾ ಏನ್ರಿ?

ನಾನು: ಆ ದಿನಕ್ಕೆ ಹೌದು ಅನ್ನಬೇಕು.

ಮಾವ: ಆ ದಿನಕ್ಕೆ ಅಂದೆಯಲ್ಲ, ಅದು ಸರಿ.

ಹುಡುಗ: 2012ರಾಗ ಹಳದಿ ಅಂಗಿ ಹಾಕ್ಕೊಂಡ ವಿಗಿನ್ಸ್, ಇಡೀ ಟೂರ್ ಗೆಲ್ಲಾಂವ, ಕೊನೀ ದಿನ ಕ್ಯಾವೆಂಡಿಶನ ಮುಂದ ಗಾಳಿಗೆ ನಿಂತ. ರಾಜಾನ ಗಾಡಿ ಎಳದಂಗ.

ನಾನು: ಈ ಊರಲ್ಲೇ ನಾನು ಕಣ್ಣಾರೆ ನೋಡಿದ್ದು ಒಂದಿದೆ. 2014ರ ಜುಲೈ 7. ಕೇಂಬ್ರಿಜ್‌ನಿಂದ ಹೊರಟ ಹಂತ ಮಾಲ್ ರಸ್ತೆಯಲ್ಲಿ ಮುಗಿಯಿತು. ಕ್ಯಾವೆಂಡಿಶ್ ಇರಲಿಲ್ಲ, ಎರಡು ದಿನ ಮೊದಲು ಹ್ಯಾರೊಗೇಟ್‌ನಲ್ಲಿ ಬಿದ್ದು ಭುಜದ ಕೀಲು ತಪ್ಪಿ ಹೊರಗಾಗಿದ್ದ. ಕಿಟ್ಟೆಲ್ ಗೆದ್ದ, ಪೀಟರ್ ಸಗಾನ್ ಎರಡನೆಯವನು. ನನಗೆ ನೆನಪಿರುವುದು ಕಿಟ್ಟೆಲ್‌ನ ಮುಖ ಅಲ್ಲ. ಮೊದಲು ಜನರ ಕೂಗು ಬಂತು, ಆಮೇಲೆ ನೂರಾರು ಸರಪಳಿಗಳ ಝುಂಯ್ ಅನ್ನುವ ಸದ್ದು, ಆಮೇಲೆ ಕೆನ್ನೆಗೆ ಬಡಿದ ಗಾಳಿ. ಅವರು ದಾಟಿ ಹೋದ ಮೇಲೆ ಬಂದ ಗಾಳಿ ಅದು. ಈಗ ಇವನ ಮಾತು ಕೇಳುತ್ತಿದ್ದರೆ ಅದರೊಳಗೆ ಎಷ್ಟು ಜನರ ಎದೆ ಇತ್ತು ಅನ್ನಿಸುತ್ತಿದೆ.

ಮಾವ: ಇರಲಿ, ನಿನ್ನ ಕ್ಯಾವೆಂಡಿಶ್‌ನ ಸ್ವಂತದ್ದು ಎಂತ, ಅದನ್ನು ಹೇಳು. ಹಗ್ಗ ಹಿಡಿದ ಹದ ಎಲ್ಲಿ ಕಂಡೆ?

ನಾನು: ಕೊನೆಯ ಗೆಲುವಿನಲ್ಲಿ. 2024ರ ಮೊದಲ ದಿನ, ರಿಮಿನಿಗೆ ಹೋಗುವ ದಾರಿಯಲ್ಲಿ, ಬಿಸಿಲಿಗೆ ಅವನು ಸೈಕಲ್ ಮೇಲೇ ವಾಂತಿ ಮಾಡಿಕೊಂಡ. ಏರು ಶುರುವಾಗುತ್ತಲೇ ಹಿಂದೆ ಬಿದ್ದ. ವಯಸ್ಸು 39. ಕಾಲಮಿತಿಯೊಳಗೆ ತಲುಪದಿದ್ದರೆ ಅಲ್ಲಿಗೇ ಮುಗಿಯಿತು. ತಂಡದವರು ಅವನಿಗಾಗಿ ಹಿಂದೆ ಉಳಿದರು. ಸೀಸ್ ಬಾಲ್, ಬಾಲೆರಿನಿ, ಮೋರ್ಕೊವ್. ಗೆದ್ದವನು ಮುಟ್ಟಿ ಅರ್ಧ ಗಂಟೆ ಮೀರಿದ ಮೇಲೆ ಅವನನ್ನು ಸುತ್ತುವರಿದು ತಂದು ಮುಟ್ಟಿಸಿದರು. ನಾಲ್ಕು ದಿನ ಕಳೆದು ಸೇಂಟ್ ವುಲ್ಬಾದಲ್ಲಿ ಕೊನೆಯ ಒಂದು ಕಿಲೋಮೀಟರು. ಗದ್ದಲದಲ್ಲಿ ಅವನು ತನ್ನವರ ಸಾಲು ಬಿಟ್ಟ. ಎದುರಾಳಿಗಳ ಒಂದು ಚಕ್ರದಿಂದ ಇನ್ನೊಂದಕ್ಕೆ ಹಾರುತ್ತಾ ಹೋದ. ಅವರು ತಮ್ಮ ಸ್ಪ್ರಿಂಟರಿಗಾಗಿ ಸೀಳಿದ ಗಾಳಿಯನ್ನೇ ಬಳಸಿಕೊಂಡು ಕೊನೆಗೆ ಹೊರಬಂದ. ಯಾಸ್ಪರ್ ಫಿಲಿಪ್ಸೆನ್ ಎರಡನೆಯವನು. ಕಿಟ್ಟೆಲ್, ಗ್ರೈಪೆಲ್‌ರಂಥ ದೊಡ್ಡ ಮೈಯವರ ಎದುರು ಕ್ಯಾವೆಂಡಿಶ್ ಗಿಡ್ಡ. ಕಾಲಿನ ಬಲದಲ್ಲಿ ಅವರೇ ಮುಂದು. ಮೂಗು ಹ್ಯಾಂಡಲಿಗೆ ತಾಗುವಷ್ಟು ಬಾಗಿ ಗಾಳಿಗೆ ಸಿಗದ ಹಾಗೆ ಓಡುತ್ತಿದ್ದ. ಮತ್ತೆ ಯಾವ ಚಕ್ರ ಯಾವ ಗಳಿಗೆಯಲ್ಲಿ ಸಾಯುತ್ತದೆ ಅಂತ ಅವನಿಗೆ ಮೊದಲೇ ಕಾಣುತ್ತಿತ್ತು. ಅದು ಅವನ ಹದ.

ಮಾವ: ಅಂದರೆ ಸಾಲ ತೆಗೆದುಕೊಳ್ಳುವುದರಲ್ಲಿ ದೊಡ್ಡವ.

ನಾನು: ಹೌದು. ಆ ವಿಭಾಗದಲ್ಲಿ ನಾನು ಅವನನ್ನು ಎಲ್ಲರಿಗಿಂತ ಮೇಲಿಡುತ್ತೇನೆ. ಎರಡು ಸೈಕಲ್ ಪಕ್ಕ ಪಕ್ಕ ನಿಲ್ಲಿಸಿ ಬರೀ ಕಾಲಿನ ಬಲ ನೋಡಿದರೆ ಕಿಟ್ಟೆಲ್. ಬೆಟ್ಟ ದಾಟಿ ಬಂದ ಮೇಲೂ ಓಡುವುದರಲ್ಲಿ ಏಳು ಹಸಿರು ಅಂಗಿಯ ಸಗಾನ್. ಹೆಂಗಸರಲ್ಲಿ ಲೊರೆನಾ ವೀಬೆಸ್. 2022ರಲ್ಲಿ ಮಹಿಳೆಯರ ಟೂರ್ ಮತ್ತೆ ಶುರುವಾದಾಗ ಮೊದಲ ಹಂತ ಗೆದ್ದವಳು, ಅದೂ ಶಾಂಜ್ ಎಲಿಜೆಯಲ್ಲಿ.

ಹುಡುಗ: ನನ್ನ ಪಟ್ಟಿಯೊಳಗ ಇನ್ನೊಬ್ಬಾಂವ ಅದಾನ್ರಿ. ಕ್ಯಾವೆಂಡಿಶ್ 35 ಮಾಡೂ ಎರಡು ದಿನ ಮೊದಲ, ಅದ ಟೂರಿನಾಗ, ಟ್ಯುರಿನ್‌ದಾಗ ಗೆದ್ದ ಬಿನಿಯಮ್ ಗಿರ್ಮಾಯ್. ಎರಿಟ್ರಿಯಾದಾಂವ. ಟೂರಿನಾಗ ಹಂತ ಗೆದ್ದ ಮೊದಲ ಕಪ್ಪು ಆಫ್ರಿಕನ್. ಮೂರು ಹಂತ, ಮ್ಯಾಲೆ ಹಸಿರು ಅಂಗಿ. 3 ಅನ್ನೂದು 35ರ ಮುಂದ ಸಣ್ಣದ್ರಿ. ಆದ್ರ ಅವನ ಮುಂದ ಹಾದಿ ಸೀಳಿದಾಂವ ಯಾವನೂ ಇರಲಿಲ್ಲ. ನಾ ಹಾಸ್ಟೆಲ್ ಗೆಳ್ಯಾರಿಗೆಲ್ಲ ಫೋನ್ ಮಾಡಿದ್ದೆ ಆವತ್ತು.

ಮಾವ: ಅವನಿಗೆ ಯಾವ ವಿಭಾಗ?

ಹುಡುಗ: ವಿಭಾಗ ಇನ್ನೂ ಮಾಡಿಲ್ರಿ ಕಾಕಾ. ಅವನ ಮಾಡ್ಲಿಕ್ಕತ್ತಾನ.

ಮಾವ ಗೋಳಿಬಜೆಯ ಕೊನೆಯ ಎರಡನ್ನು ಅವನ ಕೈಗೆ ಹಾಕಿದರು. ಕಂಬಳದಲ್ಲಿ ಫಲಿತಾಂಶ ಕೂಗುವಾಗ ಕೋಣದ ಮನೆಯವರ ಹೆಸರನ್ನೂ ಓಡಿಸಿದವನ ಹೆಸರನ್ನೂ ಕೂಡಿಸಿಯೇ ಕೂಗುತ್ತಾರೆ ಎಂದರು. ನಿನ್ನ ಗೆಳೆಯನ ಮೆಡಲಿನ ದಿನ ಅಲ್ಲಿ ಮೈಕು ಹಿಡಿದವ ನಮ್ಮ ಕಡೆಯವನಾಗಿದ್ದರೆ ನಿನ್ನ ಹೆಸರೂ ಕೇಳುತ್ತಿತ್ತು ಎಂದರು. ಹುಡುಗ ನೀರಿನ ಕಡೆ ನೋಡುತ್ತಾ ತಿಂದ.

ಹೊತ್ತು ಮುಳುಗುತ್ತಿತ್ತು. ಮಾವ ಬಸ್ಸಿಗೆ ಹೋದರು. ನಾವಿಬ್ಬರು ಸೈಕಲ್ ಹತ್ತಿ ಚರ್ಚ್ ಲೇನ್ ಹಿಡಿದೆವು. ಎದುರುಗಾಳಿ ಇತ್ತು. ಅವನು ಏನೂ ಕೇಳದೆ ಮುಂದೆ ಹೋದ; ನಾನು ಅವನ ಹಿಂಚಕ್ರಕ್ಕೆ ಒಂದು ಗೇಣು ಬಿಟ್ಟು ಹಿಂಬಾಲಿಸಿದೆ. ಕಿವಿಯಲ್ಲಿ ಭೋರ್ಗರೆಯುತ್ತಿದ್ದ ಗಾಳಿ ಒಮ್ಮೆಲೇ ತಣ್ಣಗಾಯಿತು, ಪೆಡಲು ಹಗುರಾಯಿತು. ಅವನ ಅಂಗಿಯ ಬೆನ್ನು ಮಾತ್ರ ಉಬ್ಬಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಏರಿನ ಅರ್ಧದಲ್ಲಿ ಅವನ ಬಲ ಮೊಣಕೈ ಅಲ್ಲಾಡಿತು. ನಾನು ಪಕ್ಕಕ್ಕೆ ಸರಿದು ಮುಂದೆ ಹೋದೆ.