ಕಾಗದದ ಎಮ್ಮೆ

ಯಾರೂ ಸಾಕದ ಎಮ್ಮೆಗಳು ನಮ್ಮ ಜಿಲ್ಲೆಯಲ್ಲಿ ಬಹಳ ಇವೆ. ಅವು ಮೇಯುವುದು ಸಾಲದ ಅರ್ಜಿಯಲ್ಲಿ, ‘ಉದ್ದೇಶ’ ಎಂಬ ಕಾಲಮ್ಮಿನಲ್ಲಿ. ಸ್ವಸಹಾಯ ಸಂಘದ ಹೆಂಗಸರು ಅಲ್ಲಿ ಹೈನುಗಾರಿಕೆ ಎಂದು ಬರೆಸುತ್ತಾರೆ. ಇಲ್ಲದಿದ್ದರೆ ಹೊಲಿಗೆ ಯಂತ್ರ, ಹಪ್ಪಳ, ಹಾಳೆತಟ್ಟೆ. ದುಡ್ಡು ಮಾತ್ರ ಮಗಳ ಕಾಲೇಜು ಫೀಸಿಗೋ ಅತ್ತೆಯ ಕಣ್ಣಿನ ಆಪರೇಷನ್ನಿಗೋ ಹೋಗಿರುತ್ತದೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ಮಾಚೇನಹಳ್ಳಿಯ ಹಾಲಿನ ಡೇರಿ ಕಂಡರೆ ನನಗೆ ನಗು ಬರುತ್ತದೆ. ಅರ್ಜಿಯೊಳಗಿನ ಎಮ್ಮೆಗಳೆಲ್ಲ ನಿಜಕ್ಕೂ ಹಾಲು ಕೊಟ್ಟಿದ್ದರೆ ಆ ಡೇರಿ ಸಾಲುತ್ತಲೇ ಇರಲಿಲ್ಲ.

ನಗುವುದೇನೋ ಸರಿ, ಇದು ಸುಳ್ಳೋ ಅಲ್ಲವೋ? ಹೊಳೆಹೊನ್ನೂರಿನ ಕಡೆಯ ಒಂದು ಸಂಘದಲ್ಲಿ ಕೇಳಿಯೇಬಿಟ್ಟೆ.

“ಏನಕ್ಕಾ ಹಿಂಗಂತೀರಿ? ಸಾಲ ಕಟ್ತೀನಿ ಅಂದಿದ್ದೆ, ಕಟ್ಟಿದೀನಿ. ಅದ್ರಾಗೆ ಸುಳ್ಳು ಏನೈತೆ?” ಎಂದಳು ಒಬ್ಬಾಕೆ. ಅವಳ ಮನೆಯಲ್ಲಿ ಎಮ್ಮೆಯಿರಲಿ, ಒಂದು ಕೋಳಿಯೂ ಇಲ್ಲ. ನಾಟಿಗೆ ಹೋಗಿ, ಅಡಿಕೆ ಸುಲಿದು, ಒಂದು ಕಂತೂ ತಪ್ಪದಂತೆ ಕಟ್ಟಿದ್ದಾಳೆ.

ನನಗೆ ನಮ್ಮಪ್ಪನ ನೆನಪಾಯಿತು. ೧೯೨೩ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಷ್ಟೋ ಮನೆಗಳಂತೆ ನಮ್ಮ ಮನೆಯನ್ನೂ ಸಾಕಿತು. ಅಕ್ಕನ ಮದುವೆಗೆ ಅಪ್ಪ ನೌಕರರ ಸೊಸೈಟಿಯಲ್ಲಿ ಸಾಲ ತೆಗೆದಾಗ ‘ಮಗಳ ಮದುವೆಗೆ’ ಎಂದೇ ಬರೆದರು. ಆ ಮದುವೆಯಿಂದ ಎಷ್ಟು ಆದಾಯ ಬರುತ್ತದೆಂದು ಯಾರೂ ಕೇಳಲಿಲ್ಲ. ಸಂಬಳದ ಚೀಟಿ ಇತ್ತಲ್ಲ, ತಿಂಗಳು ತಿಂಗಳು ಹಿಡಿದುಕೊಂಡರಾಯಿತು. ಅದೇ ಭದ್ರೆಯ ನೀರು ಕುಡಿಯುವ, ಅಷ್ಟೇ ದುಡಿಯುವ ಹೆಂಗಸಿಗೆ ಸಂಬಳದ ಚೀಟಿಯಿಲ್ಲ. ಅದಕ್ಕೇ ಅವಳಿಗೆ ಎಮ್ಮೆ ಬೇಕಾಯಿತು.

ವಿಚಿತ್ರವೆಂದರೆ, ಸಂಘಗಳು ಹುಟ್ಟಿದ್ದು ಈ ಕಾಲಮ್ಮಿಗಾಗಿ ಅಲ್ಲ. ನಮ್ಮ ಕರ್ನಾಟಕದಲ್ಲಿ ಮೈರಾಡದಂಥ ಸಂಸ್ಥೆಗಳು ಎಂಬತ್ತರ ದಶಕದಲ್ಲೇ ಇಂಥ ಗುಂಪುಗಳನ್ನು ಕಟ್ಟಿದ್ದವು. ೧೯೯೨ರಲ್ಲಿ ನಬಾರ್ಡ್ ೫೦೦ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಹೊರಟಿತು. ೨೦೦೦-೦೧ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಮೊದಲು ಉಳಿತಾಯ, ಆಮೇಲೆ ಸಾಲ. ಅಡಮಾನವಿಲ್ಲ. ಯಾರಿಗೆ, ಯಾತಕ್ಕೆ ಎನ್ನುವುದನ್ನು ಹೆಂಗಸರೇ ಕೂತು ತೀರ್ಮಾನಿಸಬೇಕು ಎನ್ನುವುದೇ ಅದರ ಜೀವ. ೨೦೦೮-೦೯ರ ಕೇಂದ್ರ ಬಜೆಟ್ಟಿನಲ್ಲಿ, ಆದಾಯದ ಕಸುಬಿಗೆ ಮಾತ್ರವಲ್ಲ, ಮನೆ, ಓದು, ಮದುವೆಗೆ, ಹಳೆಯ ಸಾಲ ತೀರಿಸುವುದಕ್ಕೂ ಸಂಘದ ಸದಸ್ಯೆಯರಿಗೆ ಬ್ಯಾಂಕು ಸಾಲ ಕೊಡಬೇಕೆಂದು ಹೇಳಿಯೂ ಆಯಿತು. ಅಂದರೆ ‘ಮಗಳ ಫೀಸು’ ಎಂದು ಬರೆದರೆ ಆಕಾಶವೇನೂ ಬೀಳುವುದಿಲ್ಲ. ಆದರೂ ಎಮ್ಮೆ ಜಾಗ ಬಿಟ್ಟು ಕದಲಿಲ್ಲ. ಬರೆಯುವ ಕೈಗೆ ಅಭ್ಯಾಸ, ಓದುವ ಕಣ್ಣಿಗೆ ಎಮ್ಮೆ ಮರ್ಯಾದಸ್ಥ ಪ್ರಾಣಿ.

ಹಾಗಾದರೆ ಇದರಿಂದ ಕೆಡುಕಾಗುವುದು ಯಾರಿಗೆ? ಬ್ಯಾಂಕಿಗಂತೂ ಅಲ್ಲ, ಅದರ ದುಡ್ಡು ಬರುತ್ತಿದೆ. ಸಂಘಕ್ಕೂ ಅಲ್ಲ, ಎಮ್ಮೆ ಇಲ್ಲದ್ದು ಎಲ್ಲರಿಗೂ ಗೊತ್ತು. ಅದೇ ಸಂಘದಲ್ಲಿ ಇನ್ನೊಬ್ಬಳು ಮೈಕ್ರೋ ಫೈನಾನ್ಸಿನ ಎರಡು ಸಾಲ ಮುಚ್ಚಿಟ್ಟು, ಮೂರನೆಯದಾಗಿ ಸಂಘದ ಸಾಲವನ್ನೂ ಎತ್ತಿದ್ದಳಂತೆ. ಕಂತು ನಿಂತಿತು, ಉಳಿದವರು ತುಂಬಿದರು. ಅಂಥ ಸಾಲದ ವಸೂಲಿಯ ಕಿರುಕುಳ ತಡೆಯಲು ಸರ್ಕಾರ ೨೦೨೫ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತಲ್ಲ, ಆ ದಿನಗಳ ಮಾತು. “ದುಡ್ಡು ಹೋಗಿದ್ದಕ್ಕಲ್ಲಕ್ಕಾ, ನಮಗೆ ಒಂದು ಮಾತು ಹೇಳ್ಲಿಲ್ವಲ್ಲ” ಎಂದು ಅವರು ಇಂದಿಗೂ ಮರುಗುತ್ತಾರೆ. ಜಾಮೀನು ನಿಂತವಳಿಂದ ಮುಚ್ಚಿಡುವುದು ಒಂದು, ಫಾರಮ್ಮಿಗೆ ಬೇಕಾದ್ದನ್ನು ಫಾರಮ್ಮಿಗೆ ಕೊಡುವುದು ಇನ್ನೊಂದು. ಎರಡನ್ನೂ ಸುಳ್ಳು ಎಂಬ ಒಂದೇ ಮಾತಿನಲ್ಲಿ ಕಟ್ಟಲು ನನಗೆ ಮನಸ್ಸಿಲ್ಲ.

ಆದರೂ ಎಮ್ಮೆಯನ್ನು ಪೂರ್ತಿ ಕ್ಷಮಿಸಲಾರೆ. ಅರ್ಜಿಗಳ ಕಾಲಮ್ಮುಗಳು ಕೂಡಿ ಅಂಕಿ ಅಂಶವಾಗುತ್ತವೆ. ಇಷ್ಟು ಹೆಂಗಸರು ಹೈನುಗಾರಿಕೆಗೆ ಇಳಿದರು ಎಂದು ವರದಿಯಾಗುತ್ತದೆ, ಅವರಿಗೆ ಪಶುಪಾಲನೆಯ ತರಬೇತಿ ಏರ್ಪಾಡಾಗುತ್ತದೆ. ಅಷ್ಟು ಹೆಂಗಸರು ಬಡ್ಡಿ ಕಟ್ಟಿ ಆಸ್ಪತ್ರೆ ಬಿಲ್ಲು ತೀರಿಸಿದರು, ಬಡ್ಡಿ ಕಟ್ಟಿ ಮಕ್ಕಳನ್ನು ಓದಿಸಿದರು ಎಂಬ ಸುದ್ದಿ ಎಮ್ಮೆಯ ಹೊಟ್ಟೆಯೊಳಗೆ ಹೂತುಹೋಗುತ್ತದೆ. ಓದಿದ ಮಗಳು ಆದಾಯವಲ್ಲವೇ, ಕಣ್ಣು ಬಂದ ಅತ್ತೆ ಮೊಮ್ಮಗುವನ್ನು ನೋಡಿಕೊಂಡರೆ ಸೊಸೆ ಕೂಲಿಗೆ ಹೋಗಬಹುದಲ್ಲವೇ ಎಂದು ಯಾರಿಗೂ ಯಾರೂ ವಾದಿಸಬೇಕಾಗಿ ಬರುವುದೇ ಇಲ್ಲ.

ಸಂಘದಲ್ಲಿ ಇನ್ನೊಂದು ಪುಸ್ತಕವಿದೆ. ತಮ್ಮ ಉಳಿತಾಯದಿಂದ ತಾವೇ ಕೊಟ್ಟುಕೊಂಡ ಕೈಸಾಲದ ಲೆಕ್ಕ ಅದು, ಬ್ಯಾಂಕಿಗೆ ಹೋಗುವುದಿಲ್ಲ. ಪಿಯುಸಿ ಓದುವ ಹುಡುಗಿಯೊಬ್ಬಳು ಬರೆಯುತ್ತಾಳೆ. ನಾನು ತಿರುವಿ ನೋಡಿದ ಪುಟದಲ್ಲಿ ಇದ್ದದ್ದು: ಮಗನ ಪರೀಕ್ಷೆ ಫೀಸು. ಗಂಡನ ಕಾಲಿಗೆ ಪಟ್ಟಿ. ತವರಿಗೆ ಹೋಗಲು. ಗೌರಿ ಹಬ್ಬಕ್ಕೆ ಸೀರೆ. ಒಂದು ಕಡೆ ಬರೀ ‘ಬೇಕಿತ್ತು’ ಎಂದಿತ್ತು. ಐನೂರು ರೂಪಾಯಿ, ತೀರಿದೆ.