ಹೊರೆ ಹೊರುವವರು

ಸಫಾರಿ ಎಂಬ ಪದ ಈಗ ಕನ್ನಡದ್ದೇ ಆಗಿಬಿಟ್ಟಿದೆ. ಬನ್ನೇರುಘಟ್ಟದಲ್ಲಿ ಸಫಾರಿ, ಕಬಿನಿಯಲ್ಲಿ ಸಫಾರಿ. ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದ ಈ ಪದ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯದು. ಸ್ವಾಹಿಲಿಗೆ ಅದು ದೊರೆತದ್ದು ಅರಬಿಯಿಂದ. ಉರ್ದು ಶಾಲೆಯಲ್ಲಿ ನಾಲ್ಕಕ್ಷರ ಕಲಿತವರಿಗೆ ಅದರ ಗುರುತು ತಟ್ಟನೆ ಹತ್ತುತ್ತದೆ: ಸಫರ್, ಪ್ರಯಾಣ. ನಮ್ಮ ಧರ್ಮಶಾಸ್ತ್ರವು ಸಫರನ್ನು ಕಷ್ಟವೆಂದೇ ಕಂಡಿದೆ. ಆದ್ದರಿಂದಲೇ ಪ್ರಯಾಣಿಕನ ನಾಲ್ಕು ರಕಅತ್ ನಮಾಝ್ ಎರಡಾಗುತ್ತದೆ, ರಮಝಾನಿನ ಉಪವಾಸವನ್ನು ಮುಂದಕ್ಕೆ ಹಾಕಬಹುದು, ದಾರಿಯಲ್ಲಿ ಕೈ ಬರಿದಾದವನಿಗೆ ಝಕಾತ್‌ನಲ್ಲಿ ಪಾಲುಂಟು. ಮರುಭೂಮಿಯಲ್ಲಿ ಒಂಟೆಯೊಡನೆ ನಡೆದವರಿಗೆ ಈ ರಿಯಾಯಿತಿಗಳ ಅರ್ಥ ಯಾರೂ ವಿವರಿಸಬೇಕಾಗಿರಲಿಲ್ಲ.

ಇಂದು ಆ ಕಷ್ಟವೇ ಸರಕಾಗಿದೆ. ತಾಂಝಾನಿಯಾ ದೇಶಕ್ಕೆ ಹೋಗುವ ಸಾಹಸ ಪ್ರವಾಸಗಳ ಕರಪತ್ರವನ್ನು ತೆಗೆದು ನೋಡಿ. ಎರಡು ವಾರಗಳಲ್ಲಿ ಎಷ್ಟೆಲ್ಲ! ಕಿಲಿಮಂಜಾರೊ ಪರ್ವತಾರೋಹಣ, ತಪ್ಪಲಿನ ಕಾಫಿ ತೋಟಗಳ ನಡುವೆ ಸೈಕಲ್ ಸವಾರಿ, ಅರುಷಾ ಉದ್ಯಾನದ ಮೊಮೆಲ್ಲಾ ಸರೋವರದಲ್ಲಿ ದೋಣಿ, ಙೊರೊಂಗೊರೊದಲ್ಲಿ ಸಿಂಹದರ್ಶನ, ಕಡೆಗೆ ಝಾಂಝಿಬಾರಿನ ಹವಳದ ದಿಬ್ಬಗಳಲ್ಲಿ ಮುಳುಗಾಟ. ಬಳಲಿಕೆ, ಚಳಿ, ಉಸಿರುಗಟ್ಟುವಿಕೆ, ಒಂದಿಷ್ಟು ಭಯ ಇವೆಲ್ಲವೂ ಕೊಟ್ಟ ಹಣಕ್ಕೆ ಸೇರಿವೆ. ಅಪಾಯಕ್ಕೆ ಸ್ವಾಹಿಲಿಯಲ್ಲಿ 'ಹತಾರಿ' ಎನ್ನುತ್ತಾರೆ, ನಮ್ಮ 'ಖತರಾ'ದ ಒಡಹುಟ್ಟು. ಹಾಲಿವುಡ್ ಇದೇ ಅರುಷಾ ಸೀಮೆಯಲ್ಲಿ ತೆಗೆದು 1962ರಲ್ಲಿ ತೆರೆಗೆ ತಂದ ಚಿತ್ರವೊಂದಕ್ಕೆ ಹೆಸರೂ ಅದೇ.

ಹಣ ಕೊಟ್ಟು ಕಷ್ಟ ಕೊಳ್ಳುವವರನ್ನು ಗೇಲಿ ಮಾಡುವುದು ಸುಲಭ. ನಮಗೆ ಆ ಉದ್ದೇಶವಿಲ್ಲ. ಲಿಫ್ಟಿನಲ್ಲಿ ಏರಿ, ಕುರ್ಚಿಯಲ್ಲಿ ಕುಳಿತು, ಕಾರಿನಲ್ಲಿ ಮರಳುವ ಮನುಷ್ಯನಿಗೆ ತನ್ನ ಕಾಲಿನ ಶಕ್ತಿ ಎಷ್ಟೆಂಬುದು ಗೊತ್ತಿರುವುದಿಲ್ಲ. ಅದನ್ನು ತಿಳಿಯುವ ಹಂಬಲದಲ್ಲಿ ಕೆಟ್ಟದ್ದೇನೂ ಇಲ್ಲ. ಭೂಮಿಯಲ್ಲಿ ಸಂಚರಿಸಿರಿ, ಕಣ್ಣು ತೆರೆದು ನೋಡಿರಿ ಎಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಇನ್ನೊಂದೆಡೆ, ನಮ್ಮ ಕೈಯಾರೆ ನಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬಾರದೆಂಬ ಎಚ್ಚರಿಕೆಯೂ ಅದರಲ್ಲಿದೆ. ಜೀವ ನಮ್ಮ ಸೊತ್ತಲ್ಲ, ಅಮಾನತ್. ಈ ಎರಡರ ನಡುವೆ ಒಬ್ಬನು ತನ್ನ ಜೀವವನ್ನು ಎಷ್ಟರಮಟ್ಟಿಗೆ ಪಣಕ್ಕೊಡ್ಡಬಹುದು ಎಂಬುದು ಹಳೆಯ ಪ್ರಶ್ನೆ. ವಿದ್ವಾಂಸರು ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಮ್ಮನ್ನು ಕಾಡುವುದು ಬೇರೊಂದು ಪ್ರಶ್ನೆ. ನಾನು ಕೊಂಡ ಕಷ್ಟವನ್ನು ನಿಜಕ್ಕೂ ಹೊರುವವನು ಯಾರು?

ಕಿಲಿಮಂಜಾರೊ 5,895 ಮೀಟರ್ ಎತ್ತರದ್ದು. ಹತ್ತಲು ಇಳಿಯಲು ಐದರಿಂದ ಎಂಟು ದಿನ ಬೇಕು. ಹಗ್ಗ, ಕೊಡಲಿ ಹಿಡಿಯುವ ಪರಿಣತಿ ಬೇಡ, ನಡೆಯುವ ಕಾಲಿದ್ದರೆ ಸಾಕು. ಆದರೆ ಆ ಕಾಲಿನ ಹಿಂದೆ ಒಂದು ಸಣ್ಣ ಊರೇ ಹತ್ತಬೇಕಾಗುತ್ತದೆ. ಗುಡಾರ, ಹಾಸಿಗೆಚೀಲ, ಗ್ಯಾಸ್ ಸಿಲಿಂಡರ್, ಪಾತ್ರೆ, ಮೊಟ್ಟೆ, ತರಕಾರಿ, ಊಟದ ಮೇಜು, ಮಡಚುವ ಕುರ್ಚಿ, ಕೆಲವು ತಂಡಗಳಿಗೆ ಹೊತ್ತೊಯ್ಯುವ ಪಾಯಿಖಾನೆ ಕೂಡ. ಒಬ್ಬ ಪ್ರವಾಸಿಗೆ ಮೂರು ನಾಲ್ಕು ಮಂದಿ ಹಮಾಲಿಗಳು ಸಾಮಾನ್ಯ. ಹಮಾಲಿ ಎಂದೆವು, ನಮ್ಮ ಮಂಡಿಗಳಲ್ಲಿ ಮೂಟೆ ಹೊರುವವನಿಗೆ ಇರುವ ಈ ಅರಬಿ ಮೂಲದ ಪದವೇ ಸ್ವಾಹಿಲಿಯಲ್ಲೂ ಇದೆ. ಪರ್ವತದ ಮೇಲೆ ಅವರನ್ನು 'ವಪಗಾಝಿ' ಎನ್ನುತ್ತಾರೆ. ಅವರು ತಮ್ಮನ್ನು 'ವಗುಮು', ಗಟ್ಟಿಗರು, ಎಂದು ಕರೆದುಕೊಳ್ಳುವುದೂ ಉಂಟು.

ನಿಯಮದ ಪ್ರಕಾರ ಒಬ್ಬನ ಹೊರೆ 20 ಕಿಲೋ ಮೀರಬಾರದು. ಗೇಟಿನಲ್ಲಿ ತೂಕ ಹಾಕುತ್ತಾರೆ. ಪ್ರವಾಸಿ ಬೆನ್ನಿಗೆ ನೀರು, ಮಳೆಯಂಗಿ, ಕ್ಯಾಮೆರಾ ಹಾಕಿಕೊಂಡು 'ಪೋಲೆ ಪೋಲೆ', ಮೆಲ್ಲ ಮೆಲ್ಲಗೆ, ನಡೆಯುತ್ತಾನೆ. ಎತ್ತರದಲ್ಲಿ ಆಮ್ಲಜನಕ ಕಡಿಮೆ, ಅವಸರ ಮಾಡಿದರೆ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಕೆಲವರಿಗೆ ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ. ಈ ಮೆಲ್ಲ ನಡಿಗೆ ಹಮಾಲಿಗೆ ಇಲ್ಲ. ಪ್ರವಾಸಿ ತಲುಪುವ ಮೊದಲೇ ಅವನು ತಲುಪಿರಬೇಕು, ಗುಡಾರ ಎದ್ದಿರಬೇಕು, ಚಹಾದ ನೀರು ಕುದಿಯುತ್ತಿರಬೇಕು. ಅದೇ ತೆಳು ಗಾಳಿ, ಅದೇ ಚಳಿ. ಕಡೆಯ ಶಿಬಿರಗಳಲ್ಲೊಂದಕ್ಕೆ 'ಬರಾಫು' ಎಂದು ಹೆಸರು. ಬರ್ಫ್ ಎಂದರೆ ಏನೆಂದು ಯಾರಿಗೂ ಹೇಳಬೇಕಾಗಿಲ್ಲ. ಅಲ್ಲಿಂದ ನಡುರಾತ್ರಿ ಹೊರಟ ಪ್ರವಾಸಿ ಸೂರ್ಯೋದಯದ ಹೊತ್ತಿಗೆ ಶಿಖರ ಮುಟ್ಟುತ್ತಾನೆ. ಹಮಾಲಿಗಳಲ್ಲಿ ಹೆಚ್ಚಿನವರು ಕೆಳಗೇ ಉಳಿಯುತ್ತಾರೆ.

ಆ ಶಿಖರಕ್ಕೆ ಜರ್ಮನರು ತಮ್ಮ ಚಕ್ರವರ್ತಿ ಕೈಸರ್ ವಿಲ್‌ಹೆಲ್ಮನ ಹೆಸರಿಟ್ಟಿದ್ದರು. 1961ರ ಡಿಸೆಂಬರ್ 9ರಂದು ಸ್ವಾತಂತ್ರ್ಯ ಬಂದಾಗ ಅಲ್ಲಿ ದೀವಟಿಗೆ ಹಚ್ಚಲಾಯಿತು, ಶಿಖರ 'ಉಹುರು' ಆಯಿತು. ಉಹುರು ಎಂದರೆ ಬಿಡುಗಡೆ, ಅರಬಿಯ 'ಹುರ್ರ್' ಎಂಬ ಪದದ ಕವಲು. 1889ರಲ್ಲಿ ಹಾನ್ಸ್ ಮೆಯರ್ ಮತ್ತು ಲುಡ್ವಿಗ್ ಪುರ್ಟ್‌ಶೆಲ್ಲರ್ ಮೊದಲು ಏರಿದರೆಂದು ಪುಸ್ತಕಗಳು ಹೇಳುತ್ತವೆ. ಅವರಿಗೆ ದಾರಿ ತೋರಿಸಿದವನೆಂದು ಚಗ್ಗಾ ಜನಾಂಗದ ಯೊಹಾನಿ ಲಾವೊ ಎಂಬವರ ಹೆಸರು ಮುನ್ನೆಲೆಗೆ ಬಂದದ್ದು ನೂರು ವರ್ಷಗಳ ನಂತರ, 1989ರ ಶತಮಾನೋತ್ಸವದ ಹೊತ್ತಿನಲ್ಲಿ.

ನಮ್ಮ ಗೆಳೆಯರೊಬ್ಬರ ಮಗ, ಬೆಂಗಳೂರಿನಲ್ಲಿ ಇಂಜಿನಿಯರ್, ಈ ಪರ್ವತ ಏರಿ ಬಂದಿದ್ದಾನೆ. ಒಳ್ಳೆಯ ಹುಡುಗ, ದುಂದುಗಾರನಲ್ಲ. ಫೋನಿನಲ್ಲಿ ನೂರಾರು ಚಿತ್ರಗಳನ್ನು ತೋರಿಸಿದ. ಮೋಡಗಳ ಮೇಲಿನ ಬೆಳಗು, ಕರಗುತ್ತಿರುವ ಹಿಮದ ಗೋಡೆ. (1912ರಲ್ಲಿ ಅಳತೆ ಮಾಡಿದ್ದ ಹಿಮದಲ್ಲಿ ಈಗ ಉಳಿದಿರುವುದು ಅಲ್ಪ ಪಾಲು. 2022ರಲ್ಲಿ ಪರ್ವತದ ಮೇಲೆ ಇಂಟರ್‌ನೆಟ್ ಬಂತು. ಹಿಮ ಹೋಗುವುದನ್ನು ಅಲ್ಲಿಂದಲೇ ಜಗತ್ತಿಗೆ ತೋರಿಸಬಹುದು.) "ನಿನ್ನ ಸಾಮಾನು ಹೊತ್ತವರು ಎಲ್ಲಿ?" ಎಂದು ಕೇಳಿದೆವು. ಹುಡುಕಿದ. ಒಂದು ಚಿತ್ರದ ಅಂಚಿನಲ್ಲಿ ತಲೆಯ ಮೇಲೆ ನೀಲಿ ಡ್ರಮ್ ಹೊತ್ತ ಒಬ್ಬನ ಬೆನ್ನು ಸಿಕ್ಕಿತು. ಹುಡುಗ ತುಸು ಸುಮ್ಮನಾಗಿ, "ಹಾಗಾದರೆ ಹೋಗಲೇಬಾರದಾ ಚಾಚಾ? ನಾವು ಹೋಗದಿದ್ದರೆ ಅವರ ಮನೆಯಲ್ಲಿ ಒಲೆ ಉರಿಯುವುದು ಹೇಗೆ?" ಎಂದ.

ಈ ಮಾತನ್ನು ತಳ್ಳಿಹಾಕುವಂತಿಲ್ಲ. 2020ರಲ್ಲಿ ಕೊರೋನಾದಿಂದ ವಿಮಾನಗಳು ನಿಂತಾಗ ಮೋಶಿ, ಅರುಷಾ ಊರುಗಳ ಸಾವಿರಾರು ಹಮಾಲಿಗಳಿಗೆ ಕೆಲಸವಿಲ್ಲದೆ ಹೋಯಿತು. ಅದಕ್ಕೂ ಮೊದಲು, 2019ರಲ್ಲಿ, ಪರ್ವತಕ್ಕೆ ಕೇಬಲ್ ಕಾರ್ ಹಾಕುವ ಆಲೋಚನೆಯನ್ನು ಅಲ್ಲಿಯ ಸರಕಾರ ಹೊರಗೆಡವಿದಾಗ ಬಲವಾದ ವಿರೋಧ ಬಂದದ್ದು ಹಮಾಲಿಗಳ ಮತ್ತು ಮಾರ್ಗದರ್ಶಿಗಳ ಕಡೆಯಿಂದಲೇ. ತಲೆಯ ಮೇಲಿನ ಹೊರೆ ಇಳಿಸುತ್ತೇವೆ ಎಂದರೆ ಹೊರೆಯವನೇ ಬೇಡವೆನ್ನುತ್ತಾನೆ! ಹೊರಗೆ ನಿಂತು ಮರುಗುವ ನಾವು ಈ ಮಾತನ್ನು ಗಂಟಲಲ್ಲಿ ಇಳಿಸಿಕೊಳ್ಳಲೇಬೇಕು. ಕರುಣೆಯಿಂದ ದೂರ ಉಳಿಯುವವನು ತನ್ನ ಮನಸ್ಸನ್ನು ಹಗುರ ಮಾಡಿಕೊಳ್ಳಬಹುದು, ಹಮಾಲಿಯ ಮಗುವಿನ ಶಾಲೆಯ ಶುಲ್ಕ ಅದರಿಂದ ಸಂದಾಯವಾಗುವುದಿಲ್ಲ.

ಆದರೂ 'ಅವನೇ ಒಪ್ಪಿ ಬಂದಿದ್ದಾನೆ' ಎಂಬ ಒಂದೇ ಮಾತಿನಿಂದ ಲೆಕ್ಕ ಚುಕ್ತಾ ಆಗುವುದೇ? ಪೂರ್ವ ಆಫ್ರಿಕದಲ್ಲಿ ಹೊರೆಗೆ ದೀರ್ಘ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಗಾಮೊಯೊ ಬಂದರಿನಿಂದ ಒಳನಾಡಿಗೆ ಹೊರಡುತ್ತಿದ್ದ ಕಾರವಾನುಗಳಲ್ಲಿ ಬಟ್ಟೆ, ಮಣಿ, ತಂತಿ ಹೋಗುತ್ತಿದ್ದವು, ಆನೆದಂತ ಬರುತ್ತಿತ್ತು. ಒಬ್ಬೊಬ್ಬನ ಹೊರೆ ಮೂವತ್ತು ಕಿಲೋ ಆಸುಪಾಸು. ಹೊರುತ್ತಿದ್ದ ನ್ಯಾಮ್ವೇಝಿ ಜನರಲ್ಲಿ ಬಹಳಷ್ಟು ಮಂದಿ ಕೂಲಿಗೆ ಬಂದ ಸ್ವತಂತ್ರರು. ಕೂಲಿ ಸರಿಬಾರದಿದ್ದರೆ ಹೊರೆ ಇಳಿಸಿ ಕುಳಿತುಬಿಡುವಷ್ಟು ಗಟ್ಟಿಗರು. ಅದೇ ದಾರಿಯಲ್ಲಿ ಕೊರಳಿಗೆ ಬಂಧ ಬಿಗಿದ ಗುಲಾಮರೂ ನಡೆದರು. ದೂರದಿಂದ ನೋಡಿದರೆ ಇಬ್ಬರ ತಲೆಯ ಮೇಲಿದ್ದುದೂ ಒಂದೇ ಹೊರೆ. ಒಬ್ಬನಿಗೆ ಅದನ್ನು ಇಳಿಸುವ ಹಕ್ಕಿತ್ತು, ಇನ್ನೊಬ್ಬನಿಗೆ ಇರಲಿಲ್ಲ.

ಇಲ್ಲಿ ನಾವು ಮುಸ್ಲಿಮರು ಮಾತು ತಪ್ಪಿಸಿಕೊಂಡು ಹೋಗಲಾಗದು. ಝಾಂಝಿಬಾರಿನ ಆ ಪೇಟೆ ಓಮಾನಿ ಸುಲ್ತಾನರ ಆಳ್ವಿಕೆಯಲ್ಲಿ ನಡೆಯಿತು. ದಂತ ಮತ್ತು ಗುಲಾಮರ ವ್ಯಾಪಾರದ ದೊಡ್ಡ ಹೆಸರು ಟಿಪ್ಪು ಟಿಪ್, ಅವನೂ ಮುಸ್ಲಿಮ. ಕಾರವಾನುಗಳಿಗೆ ಸಾಲ ಕೊಟ್ಟವರಲ್ಲಿ, ಸುಲ್ತಾನನ ಸುಂಕದ ಗುತ್ತಿಗೆ ಹಿಡಿದವರಲ್ಲಿ ಕಚ್ಛಿನಿಂದ ಹೋದ ಹಿಂದೂ ಮುಸ್ಲಿಮ್ ವರ್ತಕರಿದ್ದರು. ಜೈರಾಮ್ ಶಿವಜಿಯ ಪೇಢಿ ಅವುಗಳಲ್ಲಿ ಹೆಸರಾದದ್ದು. ಯುರೋಪಿನವರ ಪಾಪ ಇದಕ್ಕಿಂತ ಎಷ್ಟೋ ದೊಡ್ಡದೆಂದು ಹೇಳಿ ಮುಗಿಸುವುದು ನಮ್ಮ ಸಭೆಗಳ ಅಭ್ಯಾಸ. ಅದು ನಿಜವಿರಬಹುದು, ಉತ್ತರವಂತೂ ಅಲ್ಲ. ಗುಲಾಮನನ್ನು ಬಿಡುಗಡೆ ಮಾಡುವುದನ್ನು ಮಹಾಪುಣ್ಯವೆಂದು ಕಲಿತ ಸಮುದಾಯದ ಕಣ್ಣೆದುರೇ ಆ ಹರಾಜು ನಡೆಯುತ್ತಿತ್ತು. 1873ರಲ್ಲಿ ಬ್ರಿಟಿಷರ ಒತ್ತಡಕ್ಕೆ ಮಣಿದು ಸುಲ್ತಾನ್ ಬರ್ಗಶ್ ಅದನ್ನು ಮುಚ್ಚಿದ. ಅದೇ ಜಾಗದಲ್ಲಿ ಇಂದು ಇಗರ್ಜಿ ಇದೆ, ಅಂಗಳದ ಗುಂಡಿಯೊಂದರಲ್ಲಿ ಸರಪಳಿ ತೊಟ್ಟ ಕಲ್ಲಿನ ಮನುಷ್ಯರು ನಿಂತಿದ್ದಾರೆ. ಮುಳುಗಾಟಕ್ಕೆ ಹೋಗುವ ಪ್ರವಾಸಿಗಳು ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ನೋಡಿಬರುತ್ತಾರೆ.

ಜೆರುಸಲೇಮಿಗೆ ಹೊರಟ ಖಲೀಫಾ ಉಮರ್(ರ) ಮತ್ತು ಅವರ ಸೇವಕನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಇಬ್ಬರಿಗೆ ಒಂದೇ ಒಂಟೆ. ಒಬ್ಬರು ಸವಾರಿ ಮಾಡಿದರೆ ಇನ್ನೊಬ್ಬರು ಮೂಗುದಾರ ಹಿಡಿದು ನಡೆಯಬೇಕು, ಸರದಿಯಂತೆ. ಊರು ಹತ್ತಿರವಾದಾಗ ಸರದಿ ಸೇವಕನದಾಗಿತ್ತು, ಖಲೀಫಾ ನಡೆದೇ ಬಂದರು. ಈ ಕಥೆಯನ್ನು ನಾವು ವಿನಯದ ಪಾಠವಾಗಿ ಹೇಳುತ್ತೇವೆ. ಅದರಲ್ಲಿ ವಿನಯಕ್ಕಿಂತ ಗಟ್ಟಿಯಾದುದೊಂದಿದೆ ಎಂದು ನಮಗೆ ತೋರುತ್ತದೆ. ಸರದಿ ಎಂಬುದು ದಯೆಯಲ್ಲ, ಕರಾರು. ಸೇವಕ ಅದನ್ನು ಬೇಡಿ ಪಡೆಯಬೇಕಾಗಿರಲಿಲ್ಲ.

ಕಿಲಿಮಂಜಾರೊದಲ್ಲಿ ಸರದಿ ಸಾಧ್ಯವಿಲ್ಲ. ಅಭ್ಯಾಸವಿಲ್ಲದ ಪ್ರವಾಸಿ 20 ಕಿಲೋ ಹೊತ್ತರೆ ಅವನನ್ನೇ ಹೊತ್ತು ಇಳಿಸಬೇಕಾದೀತು. ಆದರೆ ಕರಾರು ಸಾಧ್ಯ. ಕೂಲಿಗೆ ಸ್ವಾಹಿಲಿಯಲ್ಲಿ 'ಉಜಿರಾ' ಎನ್ನುತ್ತಾರೆ, ಉರ್ದುವಿನ 'ಉಜ್ರತ್'. ಬೆವರು ಆರುವ ಮೊದಲೇ ಅದನ್ನು ಕೊಡಬೇಕೆಂಬ, ಆಳಿನ ಮೇಲೆ ಅವನ ಶಕ್ತಿ ಮೀರಿದ ಹೊರೆ ಹೇರಬಾರದೆಂಬ, ಹೇರಿದರೆ ಕೈಜೋಡಿಸಬೇಕೆಂಬ ಪ್ರವಾದಿ(ಸ)ಯವರ ಬೋಧನೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಪರ್ವತದಲ್ಲಿ ನಡೆಯುವುದೇನು? ಪ್ರವಾಸಿ ಕೊಡುವುದು ಎರಡು ಸಾವಿರ ಡಾಲರ್ ಆಸುಪಾಸು, ಅದಕ್ಕೂ ಮೇಲೆ. ಅದರಲ್ಲಿ ಉದ್ಯಾನದ ಶುಲ್ಕವೇ ದೊಡ್ಡ ಪಾಲು. ಹಮಾಲಿಗೆ ದಿನಕ್ಕೆ ಹತ್ತು ಡಾಲರಿನ ಲೆಕ್ಕವಿದ್ದರೂ ಅದು ಪೂರ್ತಿಯಾಗಿ ಕೈಗೆ ಬರುವುದು ಕಂಪೆನಿಯ ಮರ್ಯಾದೆಯನ್ನು ಅವಲಂಬಿಸಿದೆ. ಉಳಿದದ್ದು ಕಡೆಯ ದಿನದ ಭಕ್ಷೀಸು. ಹಕ್ಕಾಗಬೇಕಾದ ಕೂಲಿ ಭಕ್ಷೀಸಿನ ರೂಪ ತಾಳಿದಾಗ ದುಡಿದವನು ಹಾಡಿ ಕುಣಿದು ಮಂದಹಾಸ ತೋರಬೇಕಾಗುತ್ತದೆ.

ಪ್ರವಾಸ ಕಡಿಮೆ ಬೆಲೆಗೆ ಸಿಕ್ಕಿತು ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಉದ್ಯಾನದ ಶುಲ್ಕದಲ್ಲಿ ಚೌಕಾಸಿಯಿಲ್ಲ, ಗ್ಯಾಸಿನ ಬೆಲೆಯಲ್ಲಿ ಇಲ್ಲ. ಉಳಿತಾಯ ಬಂದದ್ದು ಹಮಾಲಿಯ ಕೂಲಿಯಿಂದ, ಅವನ ಊಟದಿಂದ, ಅವನು ಮಲಗುವ ಗುಡಾರದಿಂದ. ಮೋಶಿಯಲ್ಲಿ 2003ರಿಂದ ಕೆಲಸ ಮಾಡುತ್ತಿರುವ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಹಮಾಲಿಗಳಿಗೆ ಬೆಚ್ಚನೆಯ ಉಡುಪು, ಬೂಟುಗಳನ್ನು ಪುಕ್ಕಟೆಯಾಗಿ ಎರವಲು ಕೊಡುತ್ತದೆ, ಯಾವ ಕಂಪೆನಿಗಳು ಅವರನ್ನು ಸರಿಯಾಗಿ ನಡೆಸಿಕೊಳ್ಳುತ್ತವೆ ಎಂದು ಗಮನಿಸುತ್ತದೆ. ಹೊರಡುವ ಮುಂಚೆ ವಿಚಾರಿಸಬಹುದು. ದಿನಗೂಲಿ ಎಷ್ಟು, ಯಾವಾಗ ಕೊಡುತ್ತೀರಿ, ದಿನಕ್ಕೆಷ್ಟು ಹೊತ್ತು ಊಟ ಎಂದು ಕೇಳಬಹುದು. ಭಕ್ಷೀಸನ್ನು ಮುಖ್ಯಸ್ಥನ ಲಕೋಟೆಗೆ ಹಾಕುವಾಗ ಯಾರಿಗೆ ಎಷ್ಟೆಂದು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಬಹುದು. ಗೆಳೆಯರ ಮಗನಿಗೆ ನಾವು ಹೇಳಿದ್ದೂ ಇಷ್ಟೇ. ಹೋಗು, ಆದರೆ ಮದುವೆ ಮಂಟಪದ ಲೆಕ್ಕ ಕೇಳುವಷ್ಟು ನಿಷ್ಠುರವಾಗಿ ಈ ಲೆಕ್ಕವನ್ನೂ ಕೇಳು.

ಅವನು ಮುಂದಿನ ಸಲ ಙೊರೊಂಗೊರೊ ನೋಡಬೇಕೆಂದಿದ್ದಾನೆ. ಅಲ್ಲಿ ನಮ್ಮ ಲೆಕ್ಕ ಕೈಕೊಡುತ್ತದೆ. 1959ರಲ್ಲಿ ಸೆರೆಂಗೆಟಿಯನ್ನು ವನ್ಯಮೃಗಗಳಿಗೆ ಬಿಡುವುದಕ್ಕಾಗಿ ಮಾಸಾಯಿ ದನಗಾಹಿಗಳನ್ನು ಅಲ್ಲಿಂದ ಎಬ್ಬಿಸಿ, ಙೊರೊಂಗೊರೊದಲ್ಲಿ ಬಾಳಬಹುದೆಂದು ಹೇಳಲಾಗಿತ್ತು. 2022ರಿಂದ ಅಲ್ಲಿಂದಲೂ ಅವರನ್ನು ನೂರಾರು ಕಿಲೋಮೀಟರ್ ದೂರದ ಮ್ಸೊಮೆರಾಕ್ಕೆ ಸಾಗಿಸುವ ಯೋಜನೆ ನಡೆದಿದೆ. ಸ್ವಇಚ್ಛೆಯಿಂದ ಹೋಗುತ್ತಿದ್ದಾರೆ ಎಂದು ಸರಕಾರ, ಶಾಲೆ ಆಸ್ಪತ್ರೆಗಳ ಸೌಕರ್ಯ ಕಡಿತಗೊಳಿಸಿ ಹೊರಡಿಸುತ್ತಿದ್ದಾರೆ ಎಂದು ಮಾಸಾಯಿಗಳು. ಜನ ಮತ್ತು ದನ ಹೆಚ್ಚಾಗಿ ಕಾಡಿಗೆ ಅಪಾಯವೆಂಬ ಸರಕಾರದ ವಾದ ಪೊಳ್ಳೆಂದು ನಾವು ಹೇಳಲಾರೆವು. 2024ರ ಆಗಸ್ಟಿನಲ್ಲಿ ಸಾವಿರಾರು ಮಾಸಾಯಿಗಳು ರಸ್ತೆಗಿಳಿದು ಪ್ರವಾಸಿಗಳ ಜೀಪುಗಳನ್ನು ತಡೆದು ನಿಲ್ಲಿಸಿದರು.

ಹಮಾಲಿಯ ವಿಷಯದಲ್ಲಿ ಪ್ರವಾಸಿಗೆ ಒಂದು ದಾರಿಯಿದೆ, ಕೂಲಿ ಕೊಟ್ಟು ಋಣ ತೀರಿಸಬಹುದು. ಮಾಸಾಯಿ ಯಾವ ಕೂಲಿಯನ್ನೂ ಕೇಳುತ್ತಿಲ್ಲ, ಇದ್ದಲ್ಲೇ ಇರುತ್ತೇನೆ ಎನ್ನುತ್ತಾನೆ. ಅವನ ಮಾತು ಕೇಳುವವರು ಟಿಕೆಟ್ ಕೌಂಟರಿನಲ್ಲಿ ಯಾರೂ ಇಲ್ಲ. ಕಿಲಿಮಂಜಾರೊಗೆ ಹೋಗು ಎಂದಷ್ಟು ಸಲೀಸಾಗಿ ಇದಕ್ಕೆ ಹೂಂಗುಟ್ಟಲು ನಮ್ಮಿಂದ ಆಗಿಲ್ಲ. ಹುಡುಗನಿಗೆ ಹಾಗೆಂದೇ ಹೇಳಿದ್ದೇವೆ.